ಹೊಸ ಮನೆಯಲ್ಲಿ ಮೊದಲ ರಾತ್ರಿ

ಸುರೇಬಾನದ ಸುತ್ತಲಿನ ಒಕ್ಕಲು ಮನೆಗಳಿಗೆ ನಾಯಿ ಹೊಸದಲ್ಲ. ಹೊಲದ ಕಾವಲಿಗೂ ಕೊಟ್ಟಿಗೆಯ ರಕ್ಷಣೆಗೂ ಅದು ತಲೆತಲಾಂತರದಿಂದ ನಮ್ಮ ಜೊತೆಗಿದೆ. ಇನ್ನು ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳವಂತೂ ನೀಳ ಕಾಲಿನ, ಸಣ್ಣ ನಡುವಿನ ಬೇಟೆನಾಯಿಗೆ ಹೆಸರಾದ ಊರು. ಅಲ್ಲಿನ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಗೆ ಆಶ್ರಯವಿತ್ತು ಬೆಳೆಸಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಆದುದರಿಂದ ನಮ್ಮ ಭಾಗದ ಮಕ್ಕಳು ನಾಯಿಮರಿ ಬೇಕೆಂದು ಹಟ ಹಿಡಿದರೆ ಮೊದಲು ನೆನಪಾಗುವುದು ಮುಧೋಳವೇ.

ಹಲವು ವರ್ಷಗಳ ಹಿಂದೆ ನಮ್ಮ ಮನೆಗೂ ಅಂಥದೊಂದು ಮರಿ ಬಂದಿತ್ತು. ಬಂದ ದಿನವೇ ಓಣಿಯ ಮಕ್ಕಳೆಲ್ಲ ಕೈಯಿಂದ ಕೈಗೆ ಎತ್ತಿ ಆಡಿಸಿದರು. ಕತ್ತಲಾದ ಮೇಲೆ ನಾನು ಅದನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿ ಬಂದೆ. ಎರಡು ರಾತ್ರಿ ಅದು ಅತ್ತಿತು, ನಾನು ಗದರಿಸಿದೆ. ಮೂರನೆಯ ಮುಂಜಾನೆ ಹಗ್ಗ ಮಾತ್ರ ಉಳಿದಿತ್ತು. "ಅಪ್ಪಾ, ಅದು ತನ್ನ ತಾಯಿಯನ್ನು ಹುಡುಕಿಕೊಂಡು ಹೋಯಿತೇ?" ಎಂದು ಮಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮರಿ ಮತ್ತೆ ಸಿಗಲಿಲ್ಲ.

ತಪ್ಪು ಮರಿಯದಾಗಿರಲಿಲ್ಲ. ತಾಯಿಯ ಬಿಸುಪು, ಒಡಹುಟ್ಟಿದವುಗಳ ಉಸಿರು, ಪರಿಚಿತ ವಾಸನೆ ಎಲ್ಲವನ್ನೂ ಒಂದೇ ದಿನ ಕಳೆದುಕೊಂಡ ಜೀವಕ್ಕೆ ನಮ್ಮ ಮನೆ ಪರದೇಶ. ಅದರ ಅಳು ಹಟವಲ್ಲ, ಭಯ. ಈ ಒಂದು ಮಾತನ್ನು ಅರಿತರೆ ಉಳಿದುದೆಲ್ಲ ಸುಲಭ.

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ತರುವಾಗ ತಾಯಿ ಮಲಗಿದ್ದ ಬಟ್ಟೆಯ ತುಂಡೊಂದನ್ನು ಜೊತೆಗೆ ತಂದರೆ ಆ ವಾಸನೆಯೇ ಅದಕ್ಕೆ ಸಾಂತ್ವನ. ಪಡಸಾಲೆಯ ಒಂದು ಮೂಲೆಯಲ್ಲಿ ಗೋಣಿಚೀಲ ಹಾಸಿ, ನೀರಿಟ್ಟು, ಅದು ತಾನಾಗಿ ಬಳಿಗೆ ಬರುವವರೆಗೆ ಕಾಯಬೇಕು. ಮೊದಲ ಕೆಲವು ರಾತ್ರಿ ಮನೆಯವರೊಬ್ಬರು ಹತ್ತಿರ ಮಲಗುವುದು ಒಳ್ಳೆಯದು. ಹಿಂದಿನ ಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೆಲವು ದಿನ ಕೊಟ್ಟು, ಅನಂತರ ನಿಧಾನವಾಗಿ ಬದಲಿಸಬೇಕು. ನಮ್ಮ ಅಡುಗೆಮನೆಯ ಉಳ್ಳಾಗಡ್ಡಿ ನಾಯಿಯ ರಕ್ತಕ್ಕೆ ವಿಷ. ಒಗ್ಗರಣೆ ಹಾಕಿದ ಪಲ್ಯ, ಸಾರು ಬೇಡ. ಬೇಯಿಸಿದ ಕೋಳಿಯ ಎಲುಬೂ ಬೇಡ. ಉಚ್ಚೆ ಹೊಯ್ದರೆ ಹೊಡೆಯದೆ, ಉಂಡ ಕೂಡಲೇ, ಎದ್ದ ಕೂಡಲೇ ಅಂಗಳಕ್ಕೆ ಒಯ್ದರೆ ತಾನೇ ಕಲಿಯುತ್ತದೆ. ಮುಧೋಳದ ತಳಿ ಓಡಲೆಂದೇ ಹುಟ್ಟಿದ್ದು. ಹಗಲೆಲ್ಲ ಕಟ್ಟಿಹಾಕಿದರೆ ಅದು ಕೊರಗುತ್ತದೆ.

ಲಸಿಕೆಯ ವಿಷಯದಲ್ಲಿ ಮಾತ್ರ ಸಡಿಲು ಸಲ್ಲದು. ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆಯನ್ನು ಪಶುವೈದ್ಯರಿಂದ ಹಾಕಿಸಬೇಕು. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಅತಿ ವಿರಳ. ಯಾವ ನಾಯಿ ಕಚ್ಚಿದರೂ, ಮರಿಯೇ ಪರಚಿದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದೆಲ್ಲ ಧರ್ಮದ ಪುಟದಲ್ಲಿ ಏಕೆ ಎಂದು ಕೆಲವರು ಕೇಳಬಹುದು. ಪ್ರಾಣಿಗಳನ್ನು ನಿಷ್ಕಾರಣವಾಗಿ ನರಳಿಸುವುದು ಮಾನವ ಘನತೆಗೆ ವಿರುದ್ಧವೆಂದು ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಬಡವರ ಸಂಕಟಕ್ಕೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತರವಲ್ಲವೆಂದು ಅದೇ ಗ್ರಂಥ ಎಚ್ಚರಿಸುತ್ತದೆ. ಬೆಲೆಬಾಳುವ ಮರಿಯನ್ನು ಅಂತಸ್ತಿಗಾಗಿ ಕೊಂಡು, ಬೇಸರವಾದಾಗ ಹೆದ್ದಾರಿಯಲ್ಲಿ ಬಿಟ್ಟು ಬರುವವನು ಈ ಎರಡೂ ಮಾತುಗಳನ್ನು ಮೀರುತ್ತಾನೆ. ಸಾಕಲಾಗದಿದ್ದರೆ ತರದಿರುವುದೇ ದಯೆ.

ತೋಬಿತನ ಗ್ರಂಥದಲ್ಲಿ ಯುವಕ ತೋಬಿಯಾಸ ದೂರದೇಶಕ್ಕೆ ಹೊರಟಾಗ ಮಹಾದೂತ ರಫಾಯೇಲ ಅವನ ಸಂಗಾತಿಯಾಗುತ್ತಾನೆ. ಜೊತೆಗೆ ಮನೆಯ ನಾಯಿಯೂ ಹೊರಡುತ್ತದೆ. ಅದಕ್ಕೆ ಅಲ್ಲಿ ಹೆಸರಿಲ್ಲ, ಅದು ಮಾಡಿದ ಸಾಹಸವೂ ಇಲ್ಲ. ಮಗ ಮನೆಗೆ ಮರಳುವಾಗ ಹಿಂದೆಯೇ ಬರುತ್ತದೆ, ಅಷ್ಟೇ. ತನ್ನ ಮನೆ ಯಾವುದೆಂದು ಅದಕ್ಕೆ ತಿಳಿದಿತ್ತು.

ಎರಡು ವರ್ಷಗಳ ಬಳಿಕ ನಮ್ಮ ಮನೆಗೆ ಇನ್ನೊಂದು ಮರಿ ಬಂತು. ಈ ಸಲ ನನ್ನನ್ನು ಯಾರೂ ಕೇಳಲಿಲ್ಲ. ಮಗ ತನ್ನ ಹಾಸಿಗೆಯ ಪಕ್ಕದಲ್ಲೇ ಗೋಣಿಚೀಲ ಹಾಸಿ, ಅದರ ಬೆನ್ನ ಮೇಲೆ ಕೈಯಿಟ್ಟು ಮಲಗಿದ. ಮರಿ ಸ್ವಲ್ಪ ಹೊತ್ತು ಅತ್ತು, ನಿದ್ದೆಹೋಯಿತು.