ಇಶಾ ಮುಗಿದ ಮೇಲೂ ಮೊಬೈಲಾ?

ಬೆಳಗ್ಗೆ ಮದ್ರಸದಲ್ಲಿ ಮಕ್ಕಳು ಕಿತಾಬಿನ ಮೇಲೆ ತೂಕಡಿಸುತ್ತಾರೆ. ಕೇಳಿದರೆ, "ರಾತ್ರಿ ಉಪ್ಪನ ಫೋನ್ ಇತ್ತು ಉಸ್ತಾದ್" ಎನ್ನುತ್ತಾರೆ. ಯಾರನ್ನು ಬೈಯುವುದು? ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಕೆಲಸ ಮುಗಿಸಿ 10ಕ್ಕೆ ಕರೆ ಮಾಡಿದರೆ ಇಲ್ಲಿ 12.30. ಮಾತು ಮುಗಿದ ಮೇಲೆ ರೀಲ್ಸ್ ಶುರು. ಪರದೆಯ ಬೆಳಕಿಗೆ, ನಿದ್ದೆಗೆ ಬೇಕಾದ ಮೆಲಟೋನಿನ್ ತಡವಾಗುತ್ತದೆ. ಮಲಗಿದರೂ ಕಣ್ಣು ಹತ್ತಲ್ಲ, ಸುಬಹಿ ಬಾಂಗಿಗೆ ಎಚ್ಚರವಾಗಲ್ಲ.

ಇಶಾದ ಮೊದಲು ನಿದ್ರಿಸುವುದನ್ನೂ ನಂತರ ಮಾತಿಗೆ ಕೂರುವುದನ್ನೂ ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ ಎಂದು ಹದೀಸಿನಲ್ಲಿದೆ. ಮನೆಯವರೊಂದಿಗೆ ಮಾತಾಡಲು ಅಡ್ಡಿಯಿಲ್ಲ. ಆ ನೆಪದಲ್ಲಿ ರೀಲ್ಸ್ ಬೇಡ.

ನಾವು ಇಷ್ಟಾದರೂ ಮಾಡೋಣ. ಉದ್ದದ ಮಾತು ಅವರ ರಜೆಯ ಹಗಲಿಗಿರಲಿ. ದಿನದ ಕರೆಯಲ್ಲಿ ಕ್ಷೇಮ ಸಮಾಚಾರ ಸಾಕು. ಮಕ್ಕಳನ್ನು ಅದಕ್ಕಾಗಿ ಎಬ್ಬಿಸುವುದು ಬೇಡ. ಮೊಬೈಲ್ ಹಾಲ್‌ನಲ್ಲೇ ಚಾರ್ಜಿಗಿರಲಿ. ವುಝೂ ಮಾಡಿ, ಆಯತುಲ್ ಕುರ್ಸಿ ಓದಿ, ಬಲಮಗ್ಗುಲಾಗಿ ಮಲಗೋಣ.

ಇಷ್ಟು ಮಾಡಿಯೂ ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ದೆ ಬಾರದಿದ್ದರೆ ಅದು ಕಾಯಿಲೆ. ದುಆದ ಜೊತೆಗೆ ಡಾಕ್ಟರನ್ನೂ ಕಾಣಬೇಕು. ಮೆಡಿಕಲ್‌ನಿಂದ ನೀವೇ ಮಾತ್ರೆ ತಂದು ನುಂಗಬೇಡಿ.

ಉಮ್ಮ ಫೋನ್ ಕೆಳಗಿಟ್ಟರೆ ಮಕ್ಕಳಿಗೆ ಹೇಳುವ ಅಗತ್ಯವೇ ಬರಲಿಕ್ಕಿಲ್ಲ.