ಕೂಲಿಯಿಂದ ಕಳ್ಳಸಾಗಣೆಗೆ: ‘ಮರಿಯಾ ಫುಲ್ ಆಫ್ ಗ್ರೇಸ್’ ಚಿತ್ರದ ಕಥನಕ್ರಮ

ಹಳ್ಳಿಯ ಹದಿಹರೆಯದ ಜೀವವೊಂದು ಅಪರಾಧದ ಜಾಲಕ್ಕೆ ಸಿಲುಕುವ ಕಥೆ ಚಲನಚಿತ್ರ ಮಾಧ್ಯಮಕ್ಕೆ ಹೊಸತಲ್ಲ. ಇಂಥ ಕಥೆಗಳು ಸಾಮಾನ್ಯವಾಗಿ ಎರಡು ಜಾಡುಗಳಲ್ಲಿ ಸಾಗುತ್ತವೆ. ದುರಾಸೆಗೆ ತಕ್ಕ ಶಿಕ್ಷೆ ಎಂಬ ನೀತಿಪಾಠ ಒಂದು; ಬಡತನವೇ ಎಲ್ಲಕ್ಕೂ ಹೊಣೆ ಎಂಬ ಅನುಕಂಪ ಇನ್ನೊಂದು. 2004ರಲ್ಲಿ ತೆರೆಕಂಡ ‘ಮರಿಯಾ ಫುಲ್ ಆಫ್ ಗ್ರೇಸ್’ ಇವೆರಡನ್ನೂ ಬಿಟ್ಟು, ಅಪರಾಧವನ್ನು ಒಂದು ಬಗೆಯ ಕೂಲಿಕೆಲಸವಾಗಿ ಕಾಣಿಸುತ್ತದೆ. ಚಿತ್ರದ ಶಕ್ತಿ ಅಡಗಿರುವುದು ಈ ದೃಷ್ಟಿಯಲ್ಲಿಯೇ.

ಇದರ ನಿರ್ದೇಶಕ ಜೋಶುವಾ ಮಾರ್ಸ್ಟನ್ ಅಮೆರಿಕದವರು. ಆದರೂ ತಮ್ಮ ಈ ಮೊದಲ ಕಥಾಚಿತ್ರವನ್ನು ಪಾತ್ರಗಳ ತಾಯ್ನುಡಿಯಾದ ಸ್ಪ್ಯಾನಿಷ್‌ನಲ್ಲಿಯೇ ರೂಪಿಸಿದರು. ಮರಿಯಾಳ ಪಾತ್ರ ವಹಿಸಿದ ಕೊಲಂಬಿಯಾದ ಕಟಲಿನಾ ಸ್ಯಾಂಡಿನೊ ಮೊರೆನೊ ಅವರಿಗೂ ಇದು ಮೊದಲ ಚಿತ್ರ. ಬರ್ಲಿನ್ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿಯನ್ನು ಅವರು ಚಾರ್ಲಿಜ್ ಥೆರನ್ ಅವರೊಂದಿಗೆ ಹಂಚಿಕೊಂಡರು. ಆಸ್ಕರ್ ಪ್ರಶಸ್ತಿಗೂ ನಾಮನಿರ್ದೇಶನಗೊಂಡರು.

ಹದಿನೇಳರ ಮರಿಯಾ ಕೊಲಂಬಿಯಾದ ರಾಜಧಾನಿ ಬೊಗೊಟಾದಿಂದ ಹೊರಗಿರುವ ಸಣ್ಣ ಊರಿನವಳು. ವಿದೇಶಗಳಿಗೆ ರಫ್ತಾಗುವ ಗುಲಾಬಿಗಳ ಮುಳ್ಳು ತೆಗೆಯುವುದು ಅವಳ ಕೆಲಸ. ತಾಯಿ, ಅಜ್ಜಿ, ಅಕ್ಕ, ಅಕ್ಕನ ಕೂಸು, ಹೀಗೆ ಮನೆಮಂದಿಗೆಲ್ಲ ಅವಳ ಸಂಬಳ ಆಧಾರ. ಅವಳು ಬಸುರಿಯಾಗಿದ್ದಾಳೆ, ಆದರೆ ಮದುವೆಯಾಗುತ್ತೇನೆನ್ನುವ ಗೆಳೆಯನಲ್ಲಿ ಪ್ರೀತಿಯಿಲ್ಲ, ಅವಳಲ್ಲಿಯೂ ಇಲ್ಲ. ಮೈ ಸರಿಯಿಲ್ಲದ ದಿನವೊಂದು ಶೌಚಾಲಯಕ್ಕೆ ಹೋಗಲು ಮೇಲ್ವಿಚಾರಕ ಬಿಡುವುದಿಲ್ಲ. ಅವಳು ಹೂವುಗಳ ಮೇಲೆಯೇ ವಾಂತಿ ಮಾಡಿಕೊಳ್ಳುತ್ತಾಳೆ, ಕೆಲಸವನ್ನೂ ಬಿಡುತ್ತಾಳೆ. ಬಳಿಕ ಪರಿಚಿತ ಯುವಕನೊಬ್ಬ ಬೊಗೊಟಾದಲ್ಲಿ ‘ಮೂಲಾ’ ಕೆಲಸವಿದೆ ಎನ್ನುತ್ತಾನೆ. ಈ ಸ್ಪ್ಯಾನಿಷ್ ಪದಕ್ಕೆ ಹೇಸರಗತ್ತೆ ಎಂದರ್ಥ. ಮಾದಕ ವಸ್ತುವಿನ ಗುಳಿಗೆಗಳನ್ನು ನುಂಗಿ, ಹೊಟ್ಟೆಯಲ್ಲಿ ಹೊತ್ತು ಗಡಿ ದಾಟುವವರಿಗೆ ಆ ಲೋಕ ಕೊಟ್ಟಿರುವ ಹೆಸರದು.

ಇಲ್ಲಿ ಕಥನದ ಸಾದೃಶ್ಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹೊಸ ಕೆಲಸಕ್ಕೂ ತರಬೇತಿಯುಂಟು: ಅನುಭವಿ ಲೂಸಿ ದೊಡ್ಡ ದ್ರಾಕ್ಷಿಗಳನ್ನು ಇಡಿಯಾಗಿ ನುಂಗುವುದನ್ನು ಕಲಿಸುತ್ತಾಳೆ. ಇಲ್ಲಿಯೂ ಒಡೆಯನುಂಟು, ಎಣಿಕೆಯುಂಟು: ಮರಿಯಾ ನುಂಗುವ ಗುಳಿಗೆಗಳು 62. ಗುಲಾಬಿ ತೋಟದಲ್ಲಿ ಅವಳ ದೇಹದ ಅಗತ್ಯಕ್ಕೆ ಬೆಲೆಯಿರಲಿಲ್ಲ. ಇಲ್ಲಿ ದೇಹವೇ ಸರಕಿನ ಚೀಲವಾಗುತ್ತದೆ. ಎರಡೂ ಕಡೆ ಸರಕು ಹೊರಡುವುದು ಶ್ರೀಮಂತ ದೇಶಗಳತ್ತ. ಒಂದು ಕಾನೂನಿಗೆ ಒಳಪಟ್ಟದ್ದು, ಇನ್ನೊಂದು ಹೊರಗಿನದು. ಚಿತ್ರ ಈ ವ್ಯತ್ಯಾಸವನ್ನು ಅಳಿಸುವುದಿಲ್ಲ. ದುಡಿಯುವ ಹುಡುಗಿಯ ಕಣ್ಣಿಗೆ ಅದು ಎಷ್ಟು ತೆಳುವಾಗಿ ಕಾಣುತ್ತದೆ ಎಂಬುದನ್ನು ತೋರಿಸುತ್ತದೆ.

ಹಾಗೆಂದು ಮರಿಯಾ ಅಸಹಾಯಕ ಬಲಿಪಶುವಲ್ಲ. ಅವಳನ್ನು ಯಾರೂ ಅಪಹರಿಸುವುದಿಲ್ಲ. ಕೆಲಸ ಬಿಡುವುದು, ಮದುವೆ ಒಲ್ಲೆನೆನ್ನುವುದು, ವಿಮಾನ ಏರುವುದು, ಎಲ್ಲವೂ ಅವಳದೇ ನಿರ್ಧಾರ. ಆದರೆ ಪ್ರತಿ ನಿರ್ಧಾರದ ಹೊತ್ತಿಗೂ ಅವಳ ಮುಂದಿರುವ ದಾರಿಗಳು ಕಡಿಮೆಯಾಗುತ್ತ ಹೋಗುತ್ತವೆ. ಸ್ವೇಚ್ಛೆ ಮತ್ತು ಒತ್ತಾಯಗಳ ನಡುವಿನ ಈ ಇಕ್ಕಟ್ಟಿನಿಂದಲೇ ಪಾತ್ರ ಜೀವಂತವಾಗುತ್ತದೆ.

ಶೀರ್ಷಿಕೆಯಲ್ಲಿ ಧ್ವನಿತತ್ತ್ವಕ್ಕೆ ಸೊಗಸಾದ ನಿದರ್ಶನವಿದೆ. ಕ್ಯಾಥೊಲಿಕರು ಮರಿಯಮ್ಮನಿಗೆ ಸಲ್ಲಿಸುವ ಪ್ರಾರ್ಥನೆಯಿಂದ ಅದು ಬಂದಿದೆ. ‘ವರಪ್ರಸಾದಪೂರ್ಣೆ’ ಎಂಬುದು ವಾಚ್ಯಾರ್ಥ. ಆದರೆ ಈ ಮರಿಯಾಳ ಒಡಲಲ್ಲಿ ತುಂಬಿರುವುದು ಒಂದು ಭ್ರೂಣ ಮತ್ತು 62 ಗುಳಿಗೆಗಳು. ಪೋಸ್ಟರಿನಲ್ಲಿ ಅವಳು ಮುಖವೆತ್ತಿ ಗುಳಿಗೆಯನ್ನು ಸ್ವೀಕರಿಸುವ ಭಂಗಿ ಪರಮಪ್ರಸಾದ ಸ್ವೀಕಾರದಂತಿದೆ. ಪವಿತ್ರವಾದುದೂ ಪ್ರಾಣಾಂತಿಕವಾದುದೂ ಒಂದೇ ಬಿಂಬದಲ್ಲಿ ಬೆರೆತಾಗ ಹೊಮ್ಮುವ ವ್ಯಂಗ್ಯಾರ್ಥವನ್ನು ಯಾವ ಸಂಭಾಷಣೆಯೂ ಹೇಳಲಾರದು. ಕಥೆ ಮುಂದುವರಿದಂತೆ ಈ ಅರ್ಥ ಇನ್ನಷ್ಟು ತೀಕ್ಷ್ಣವಾಗುತ್ತದೆ. ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಅವಳನ್ನು ಸಂಶಯದಿಂದ ತಡೆಯುತ್ತಾರೆ. ಬಸುರಿಯಾದ್ದರಿಂದ ಎಕ್ಸ್-ರೇ ತೆಗೆಯುವಂತಿಲ್ಲ. ಒಡಲಿನ ಕೂಸೇ ತಾಯಿಯನ್ನು ಸೆರೆಮನೆಯಿಂದ ಉಳಿಸುತ್ತದೆ.

ಲೂಸಿಗೆ ಆ ಅದೃಷ್ಟವಿಲ್ಲ. ಅವಳ ಹೊಟ್ಟೆಯಲ್ಲಿ ಗುಳಿಗೆಯೊಡೆದು ಸಾಯುತ್ತಾಳೆ. ಕಳ್ಳಸಾಗಣೆಗಾರರಿಗೆ ಬೇಕಾದದ್ದು ಉಳಿದ ಗುಳಿಗೆಗಳು ಮಾತ್ರ. ಅವಕ್ಕಾಗಿ ಅವಳ ಹೊಟ್ಟೆಯನ್ನೇ ಸೀಳುತ್ತಾರೆ. ಓಡಿಹೋದ ಮರಿಯಾ ಮತ್ತು ಗೆಳತಿ ಬ್ಲಾಂಕಾ, ಕ್ವೀನ್ಸ್ ಪ್ರದೇಶದ ಕೊಲಂಬಿಯನ್ ವಲಸಿಗರ ನಡುವೆ ಆಸರೆ ಪಡೆಯುತ್ತಾರೆ. ಇಂಗ್ಲಿಷ್ ಬಾರದ ಹುಡುಗಿಗೆ ಅಲ್ಲಿ ನೆರವು ದೊರೆಯುವುದು ತನ್ನ ನುಡಿಯಾಡುವ ಜನರಿಂದ. ಆಡಳಿತದ ಭಾಷೆಯೊಂದು, ಮನೆಯ ಭಾಷೆಯೊಂದು ಆಗಿರುವ ಗಡಿನಾಡಿನ ಓದುಗರಿಗೆ ಈ ಭಾಗ ವಿಶೇಷವಾಗಿ ಮನಮುಟ್ಟೀತು. ಅಲ್ಲಿ ಅವರಿಗೆ ಹೆಗಲುಕೊಡುವ ಡಾನ್ ಫರ್ನಾಂಡೋ ಪಾತ್ರವನ್ನು ಆ ಬಡಾವಣೆಯವರೇ ಆದ ಒರ್ಲಾಂಡೊ ಟೊಬಾನ್ ನಿರ್ವಹಿಸಿದ್ದಾರೆ. ಹೀಗೆ ಸತ್ತವರ ಶವಗಳನ್ನು ಹಣ ಕೂಡಿಸಿ ತಾಯ್ನಾಡಿಗೆ ಕಳುಹಿಸುತ್ತಿದ್ದವರು ಅವರು. ಲೂಸಿಯ ಕಥೆ ಕಲ್ಪಿತವಾದರೂ ಅದರ ಹಿಂದಿನ ಸಾವುಗಳು ಕಲ್ಪಿತವಲ್ಲ.

ಕೊನೆಯಲ್ಲಿ ಬ್ಲಾಂಕಾ ಊರಿಗೆ ಮರಳುತ್ತಾಳೆ. ಮರಿಯಾ ವಿಮಾನ ನಿಲ್ದಾಣದಿಂದ ಹಿಂದಿರುಗಿ ಅಪರಿಚಿತ ನಗರದತ್ತ ನಡೆಯುತ್ತಾಳೆ. ಇದು ಗೆಲುವೋ ಸೋಲೋ ಎಂದು ಚಿತ್ರ ತೀರ್ಪು ಕೊಡುವುದಿಲ್ಲ. ಅಪರಾಧಿ ಯಾರೆಂದು ಕೇಳುವ ಮೊದಲು, ಆ ಕೆಲಸವನ್ನು ಕೆಲಸವಾಗಿಸಿದ ವ್ಯವಸ್ಥೆ ಯಾವುದೆಂದು ಕೇಳಬೇಕೆಂಬುದು ಅದರ ಆಶಯ. ಕೃತಿಯ ಸಾಮಾಜಿಕ ನೆಲೆಯನ್ನು ಅರಸುವ ಸಾಹಿತ್ಯದ ವಿದ್ಯಾರ್ಥಿಯೂ ಕೇಳಬೇಕಾದ ಪ್ರಶ್ನೆ ಅದೇ.