ಅಮೆರಿಕದ ಮೋಟಾರು ಸೈಕಲ್ ಸವಾರರಲ್ಲಿ ವರ್ಣಭೇದ ಮತ್ತು ಮನೋಭಾವದ ಪರಿವರ್ತನೆ

ವರ್ಣಭೇದವು ಶಾಲೆಯಲ್ಲಿ, ಮತಗಟ್ಟೆಯಲ್ಲಿ, ಕಾರ್ಖಾನೆಯಲ್ಲಿ ಹೇಗೆ ನಡೆದುಕೊಂಡಿತೆಂಬುದನ್ನು ಕುರಿತು ಬೇಕಾದಷ್ಟು ಗ್ರಂಥಗಳಿವೆ. ಜನರು ಬಿಡುವಿನ ವೇಳೆಯಲ್ಲಿ ಕೇವಲ ಸಂತೋಷಕ್ಕಾಗಿ ಕೂಡುವ ಎಡೆಗಳಲ್ಲಿ ಅದು ಯಾವ ರೂಪವನ್ನು ತಾಳಿತೆಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಆದರೆ ವಿಚಾರಕ್ಕೆ ಅಂಥ ಎಡೆಗಳೇ ಹೆಚ್ಚು ಅನುಕೂಲವಾದುವು. ಶಾಲೆಯ ಬಾಗಿಲನ್ನು ನ್ಯಾಯಾಲಯದ ಆಜ್ಞೆ ತೆರೆಸಬಲ್ಲದು; ಒಬ್ಬನು ಭಾನುವಾರದ ಸವಾರಿಗೆ ಯಾರನ್ನು ಜೊತೆಗೆ ಕರೆಯಬೇಕೆಂಬುದನ್ನು ಯಾವ ನ್ಯಾಯಾಲಯವೂ ಗೊತ್ತುಮಾಡಲಾರದು. ಮನೋಭಾವ ನಿಜವಾಗಿ ಬದಲಾಗಿದೆಯೇ, ಆಗಿದ್ದರೆ ಎಷ್ಟರಮಟ್ಟಿಗೆ ಎಂಬುದನ್ನು ಅಂಥಲ್ಲಿ ನೋಡಬೇಕು. ಈ ಉದ್ದೇಶದಿಂದ ಅಮೆರಿಕದ ಸಂಯುಕ್ತ ಸಂಸ್ಥಾನದ ಮೋಟಾರು ಸೈಕಲ್ ಸವಾರರ ಸಮಾಜವನ್ನು ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿದ್ದೇವೆ.

ನಮ್ಮ ದೇಶದಲ್ಲಿ ಮೋಟಾರು ಸೈಕಲ್ಲು ಬಹುಮಟ್ಟಿಗೆ ದಿನನಿತ್ಯದ ಉಪಯೋಗದ ವಾಹನ. ಅಮೆರಿಕದಲ್ಲಿ ಅದರ ಚರಿತ್ರೆ ಬೇರೆ. ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರು ಸಾಮಾನ್ಯನ ಕೈಗೆ ಎಟುಕುವಷ್ಟು ಅಗ್ಗವಾದ ಮೇಲೆ, ಕೆಲಸಕ್ಕೆ ಹೋಗಿಬರಲು ಮೋಟಾರು ಸೈಕಲ್ಲೇ ಬೇಕೆಂಬ ಅಗತ್ಯ ಅಲ್ಲಿ ಉಳಿಯಲಿಲ್ಲ. ೧೯೨೦ರ ದಶಕದ ಹೊತ್ತಿಗೆ ಅದು ಹೆಚ್ಚಾಗಿ ಪ್ರೀತಿಗೆ, ಪಂದ್ಯಕ್ಕೆ, ದೂರ ಪ್ರವಾಸಕ್ಕೆ ಒದಗುವ ವಸ್ತುವಾಯಿತು. ಹೀಗೆ ಪ್ರೀತಿಯ ವಸ್ತುವಾದುದರ ಸುತ್ತ ಸಂಘಗಳೂ ಸಮವಸ್ತ್ರಗಳೂ ಬಿರುದುಗಳೂ ಬೆಳೆದುವು. ಒಳಗಿನವರು ಹೊರಗಿನವರು ಎಂಬ ವಿಂಗಡಣೆಯೂ ಅವುಗಳೊಡನೆಯೇ ಬಂದಿತು.

ಈ ಸಂಘಗಳಿಗೆಲ್ಲ ಮೇಲಿನ ಸಂಸ್ಥೆಯಾಗಿ ೧೯೨೪ರಲ್ಲಿ ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಸ್ಥಾಪಿತವಾಯಿತು. ಪಂದ್ಯಗಳಿಗೆ ಮನ್ನಣೆ ಕೊಡುವುದು, ಸ್ಥಳೀಯ ಸಂಘಗಳನ್ನು ನೋಂದಾಯಿಸುವುದು, ಸವಾರರ ಪರವಾಗಿ ಸರ್ಕಾರದೊಡನೆ ಮಾತನಾಡುವುದು ಎಲ್ಲವೂ ಅದರ ಕೈಯಲ್ಲಿದ್ದುವು. ಆದರೆ ಅದರ ಸದಸ್ಯತ್ವ ಬಿಳಿಯರಿಗೆ ಮಾತ್ರ ಮೀಸಲಾಗಿತ್ತು. ೧೯೫೦ರ ದಶಕದ ಮಧ್ಯಭಾಗದವರೆಗೂ ಈ ನಿರ್ಬಂಧ ಉಳಿದಿತ್ತು. ಇದರ ಪರಿಣಾಮವನ್ನು ಸರಿಯಾಗಿ ತಿಳಿಯಬೇಕು. ಕರಿಯನೊಬ್ಬನು ಗಾಡಿಯನ್ನು ಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ, ಓಡಿಸುವುದಕ್ಕೂ ಕಾಯಿದೆಯ ತಡೆಯಿರಲಿಲ್ಲ. ಆದರೆ ಓಡಿಸಿ ಹೆಸರು ಪಡೆಯುವ ಮಾರ್ಗ ಮುಚ್ಚಿತ್ತು. ಮನ್ನಣೆಯ ಪಂದ್ಯಗಳ ದಾಖಲೆಪುಸ್ತಕಗಳಲ್ಲಿ ಆ ಕಾಲದ ಕರಿಯ ಸವಾರರು ಕಾಣದಿರುವುದಕ್ಕೆ ಇದೇ ಕಾರಣ. ಅವರು ಸವಾರಿಯನ್ನೇ ಮಾಡುತ್ತಿರಲಿಲ್ಲವೆಂದು ಆ ಪುಸ್ತಕಗಳ ಆಧಾರದ ಮೇಲೆ ಯಾರಾದರೂ ತೀರ್ಮಾನಿಸಿದರೆ ಅದು ತಪ್ಪು.

ಅವರು ಸವಾರಿ ಮಾಡುತ್ತಿದ್ದರು ಎಂಬುದಕ್ಕೆ ಬೆಸ್ಸಿ ಸ್ಟ್ರಿಂಗ್‌ಫೀಲ್ಡ್ ಎಂಬಾಕೆಯ ಜೀವನವೇ ಸಾಕ್ಷಿ. ೧೯೩೦ರಲ್ಲಿ, ಇನ್ನೂ ಇಪ್ಪತ್ತರ ಒಳಗಿನ ವಯಸ್ಸಿನಲ್ಲಿ, ಈಕೆ ಭೂಪಟದ ಮೇಲೆ ನಾಣ್ಯವನ್ನು ಚಿಮ್ಮಿ, ಅದು ಬಿದ್ದ ಊರಿಗೆ ಒಬ್ಬಳೇ ಮೋಟಾರು ಸೈಕಲ್ಲಿನಲ್ಲಿ ಹೊರಡುತ್ತಿದ್ದಳಂತೆ. ಮುಂದೆ ದೇಶದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹಾಯುವ ಪ್ರಯಾಣವನ್ನು ಒಂಟಿಯಾಗಿ ಎಂಟು ಸಲ ಮಾಡಿದಳೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ನೆಲೆಗಳ ನಡುವೆ ಪತ್ರಗಳನ್ನು ಒಯ್ಯುವ ಅಸೈನಿಕ ಓಲೆಕಾರಳಾಗಿ ಕೆಲಸ ಮಾಡಿದಳು. ಕೊನೆಗೆ ಫ್ಲಾರಿಡಾದ ಮಯಾಮಿಯಲ್ಲಿ ನೆಲೆಸಿ, ದಾದಿಯ ವೃತ್ತಿಯನ್ನು ಕೈಕೊಂಡು, 'ಐರನ್ ಹಾರ್ಸ್' ಎಂಬ ಸವಾರರ ಸಂಘವನ್ನು ಕಟ್ಟಿದಳು. ೧೯೯೩ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಪ್ಪತ್ತೇಳು ಹಾರ್ಲಿ-ಡೇವಿಡ್‌ಸನ್ ಗಾಡಿಗಳು ಅವಳ ಕೈದಾಟಿದ್ದುವು.

ದಾರಿಯಲ್ಲಿ ಅವಳು ಪಟ್ಟ ಪಾಡನ್ನು ಸ್ವಲ್ಪ ನಿಂತು ನೋಡಬೇಕು. ಕರಿಯರ ಮನೆಗಳಲ್ಲಿ ಆಶ್ರಯ ಸಿಕ್ಕಿದ ರಾತ್ರಿ ಅಲ್ಲಿ ತಂಗುವಳು. ಸಿಕ್ಕದ ರಾತ್ರಿ ಪೆಟ್ರೋಲು ಮಾರುವ ಬಂಕಿನಲ್ಲಿ ಗಾಡಿಯನ್ನು ನಿಲ್ಲಿಸಿ, ಅಂಗಿಯನ್ನು ಸುತ್ತಿ ಹ್ಯಾಂಡಲ್ಲಿನ ಮೇಲಿಟ್ಟು, ಅದಕ್ಕೆ ತಲೆಯಾನಿಸಿ, ಗಾಡಿಯ ಮೇಲೆಯೇ ಮಲಗುವಳು. ಬಿಳಿಯರ ವಸತಿಗೃಹಗಳಲ್ಲಿ ಅವಳಿಗೆ ಕೋಣೆ ದೊರೆಯುವಂತಿರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್ಮಿನ ಅಂಚೆಯಾಳಾಗಿದ್ದ ವಿಕ್ಟರ್ ಹ್ಯೂಗೊ ಗ್ರೀನ್ ಎಂಬುವರು ಕರಿಯ ಪ್ರಯಾಣಿಕರಿಗಾಗಿ, ತಂಗಲು ಉಣ್ಣಲು ಒಪ್ಪುವ ಎಡೆಗಳ ಕೈಪಿಡಿಯೊಂದನ್ನು ೧೯೩೬ರಲ್ಲಿ ಪ್ರಕಟಿಸಲು ತೊಡಗಿದುದು ಇಂಥ ಅವಸ್ಥೆಯಿಂದಲೇ. ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆ ಬಂದ ಕೆಲವು ವರ್ಷಗಳಲ್ಲಿ ಆ ಕೈಪಿಡಿ ನಿಂತುಹೋಯಿತು. ಕಾರಿನವನು ಬಾಗಿಲು ಹಾಕಿಕೊಂಡು ಒಳಗೆ ಮಲಗಬಹುದು. ಮೋಟಾರು ಸೈಕಲ್ಲಿನವನಿಗೆ ಆ ಮರೆಯೂ ಇಲ್ಲ. ತೆರೆದ ರಸ್ತೆಯ ಸ್ವಾತಂತ್ರ್ಯವೆಂದು ಬಿಳಿಯ ಸವಾರನು ಕೊಂಡಾಡಿದ ಆ ತೆರವೇ ಕರಿಯ ಸವಾರನಿಗೆ ಅಪಾಯವಾಗಿತ್ತು.

ಸ್ಟ್ರಿಂಗ್‌ಫೀಲ್ಡಳ ವಿಷಯದಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಇಟ್ಟುಕೊಳ್ಳಬೇಕು. ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆಕೆಯೇ ಹೇಳಿಕೊಂಡದ್ದು. ತಾನು ಜಮೈಕಾದಲ್ಲಿ ಹುಟ್ಟಿದವಳೆಂದೂ ಎಳೆತನದಲ್ಲಿಯೇ ಅನಾಥಳಾದಳೆಂದೂ ಅವಳು ಹೇಳುತ್ತಿದ್ದಳು. ಆಕೆ ಹುಟ್ಟಿದುದು ಉತ್ತರ ಕೆರೊಲಿನಾದ ಈಡೆಂಟನ್ ಎಂಬ ಊರಿನಲ್ಲಿ ಎಂಬುದು ೨೦೧೮ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಪ್ರಕಟಿಸಿದ ತಡವಾದ ಮರಣಲೇಖದಿಂದ ಸ್ಪಷ್ಟವಾಯಿತು. ಇದರಿಂದ ಆಕೆಯ ಸವಾರಿ ಸುಳ್ಳಾಗುವುದಿಲ್ಲ. ಸಂಸ್ಥೆಗಳು ಯಾರ ಹೆಸರನ್ನು ಬರೆದಿಟ್ಟುಕೊಳ್ಳುವುದಿಲ್ಲವೋ ಅವರ ಚರಿತ್ರೆ ಅವರ ಬಾಯಿಮಾತಿನಲ್ಲೇ ಉಳಿಯಬೇಕಾಗುತ್ತದೆ. ಬಾಯಿಮಾತಿನ ಗುಣದೋಷಗಳೆರಡೂ ಅದಕ್ಕೆ ಅಂಟುತ್ತವೆ.

ಇನ್ನು ಸಂಘಗಳ ವಿಚಾರ. ೧೯೪೭ರಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಸಣ್ಣ ಊರಿನಲ್ಲಿ ಸವಾರರ ಗುಂಪುಗಳು ಗದ್ದಲವೆಬ್ಬಿಸಿದುವು. ಪತ್ರಿಕೆಗಳು ಅದನ್ನು ದೊಡ್ಡದು ಮಾಡಿದುವು. ೧೯೫೩ರಲ್ಲಿ ಮಾರ್ಲನ್ ಬ್ರ್ಯಾಂಡೊ ನಟಿಸಿದ 'ದಿ ವೈಲ್ಡ್ ಒನ್' ಚಿತ್ರ ಇನ್ನಷ್ಟು ದೊಡ್ಡದು ಮಾಡಿತು. ಅಂದಿನಿಂದ ಚರ್ಮದ ಅಂಗಿ ತೊಟ್ಟ ಬಂಡುಕೋರನ ಚಿತ್ರ ಜನರ ಮನಸ್ಸಿನಲ್ಲಿ ನೆಲೆಯೂರಿತು. ಆ ಚಿತ್ರದಲ್ಲಿನ ಮುಖ ಬಿಳಿಯ ಮುಖ. ಕಾನೂನನ್ನು ಧಿಕ್ಕರಿಸುವೆವೆಂದು ಹೆಮ್ಮೆಪಡುತ್ತಿದ್ದ ಗುಂಪುಗಳು ಕೂಡ ವರ್ಣದ ಕಟ್ಟನ್ನು ಮಾತ್ರ ಬಹುಮಟ್ಟಿಗೆ ಪಾಲಿಸಿಕೊಂಡೇ ಬಂದುವು. ಬಂಡಾಯಕ್ಕೂ ತನ್ನದೇ ಆದ ಸಂಪ್ರದಾಯನಿಷ್ಠೆ ಇರುತ್ತದೆಯೆಂದು ಇಲ್ಲಿ ಹೇಳಬಹುದಾಗಿದೆ.

ರಾಷ್ಟ್ರೀಯ ಸಂಸ್ಥೆ ತನ್ನ ನಿರ್ಬಂಧವನ್ನು ತೆಗೆದುಹಾಕಿದ ಕೆಲವೇ ವರ್ಷಗಳಲ್ಲಿ, ೧೯೫೯ರಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ 'ಈಸ್ಟ್ ಬೇ ಡ್ರಾಗನ್ಸ್' ಎಂಬ ಕರಿಯರ ಸಂಘ ಸ್ಥಾಪಿತವಾದುದನ್ನು ನಾವು ಮುಖ್ಯವೆಂದು ಭಾವಿಸುತ್ತೇವೆ. ಬಾಗಿಲು ತೆರೆದ ಮೇಲೆ ಬೇರೆ ಮನೆಯನ್ನೇಕೆ ಕಟ್ಟಿದರು ಎಂಬ ಪ್ರಶ್ನೆ ಸಹಜ. ಅದರ ಸ್ಥಾಪಕರಾದ ಟೋಬಿ ಜೀನ್ ಲೆವಿಂಗ್‌ಸ್ಟನ್ ದಕ್ಷಿಣದ ಲೂಯಿಸಿಯಾನದಿಂದ ವಲಸೆ ಬಂದ ಕುಟುಂಬದವರು. ಯುದ್ಧಕಾಲದ ಹಡಗುಕಟ್ಟೆಗಳು ಕೊಡುತ್ತಿದ್ದ ಕೆಲಸವನ್ನು ಅರಸಿ ಅಂಥ ಸಾವಿರಾರು ಕುಟುಂಬಗಳು ಆ ಪ್ರದೇಶಕ್ಕೆ ಬಂದಿದ್ದುವು. ಮೊದಲು ಕಾರುಗಳ ಗೆಳೆಯರ ಕೂಟವಾಗಿದ್ದುದು ಬಳಿಕ ಮೋಟಾರು ಸೈಕಲ್ಲುಗಳಿಗೆ ತಿರುಗಿತು. ಹಗಲು ದುಡಿದು ಬಂದ ಯುವಕರಿಗೆ ಸಂಜೆ ಒಂದು ನೆಲೆ, ತಪ್ಪುದಾರಿಗೆ ಹೋಗದಂತೆ ಒಂದು ಕಟ್ಟುಪಾಡು, ಪೋಲೀಸರು ತಡೆದು ನಿಲ್ಲಿಸಿದಾಗ ಜೊತೆಯಲ್ಲಿ ನಿಲ್ಲುವ ಹತ್ತು ಜನ, ಇಷ್ಟನ್ನು ಆ ಸಂಘ ಒದಗಿಸಿತು. ಎಲ್ಲಿಯೋ ದೂರದ ಕಚೇರಿ ಕೊಡುವ ಸದಸ್ಯತ್ವದ ಚೀಟಿಯಿಂದ ಇವು ಬರುವಂತಿರಲಿಲ್ಲ. ಲೆವಿಂಗ್‌ಸ್ಟನ್ನರ ಆತ್ಮಕಥನ ೨೦೦೩ರಲ್ಲಿ ಅಚ್ಚಾಯಿತು; ಈ ವಿಷಯದಲ್ಲಿ ಒಳಗಿನವರೇ ಬರೆದ ಗ್ರಂಥಗಳು ಕಡಮೆಯಾದುದರಿಂದ ಅದಕ್ಕೆ ವಿಶೇಷ ಬೆಲೆಯುಂಟು.

ಅದೇ ಕಾಲಕ್ಕೆ ಲಾಸ್ ಏಂಜಲಿಸ್ಸಿನಲ್ಲಿ ಹುಟ್ಟಿದ 'ಚೋಸನ್ ಫ್ಯೂ' ಎಂಬ ಸಂಘ ಬೇರೆ ದಾರಿ ಹಿಡಿಯಿತು. ಕರಿಯರಿಂದ ಆರಂಭವಾದ ಅದು ೧೯೬೦ರ ದಶಕದ ಮೊದಲಲ್ಲಿಯೇ ಬಿಳಿಯರನ್ನೂ ಸೇರಿಸಿಕೊಂಡು, ಎಲ್ಲ ವರ್ಣದವರೂ ಕೂಡಿದ ಸಂಘವಾಗಿ ಬೆಳೆಯಿತು. ಸಮಾವೇಶವೆಂದರೆ ಬಿಳಿಯರು ಬಾಗಿಲು ತೆರೆದು ಕರಿಯರನ್ನು ಒಳಗೆ ಬಿಟ್ಟುಕೊಳ್ಳುವುದೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇಲ್ಲಿ ಹೊರಗಿಡಲ್ಪಟ್ಟವರೇ ಮೊದಲು ಬಾಗಿಲನ್ನು ತೆರೆದರು.

ನಿರ್ಬಂಧ ಹೋದ ಮೇಲೂ ಉಳಿದ ಭೇದದ ಒಂದು ಬಗೆಯನ್ನು 'ಈಸಿ ರೈಡರ್' ಎಂಬ ೧೯೬೯ರ ಚಲನಚಿತ್ರದಲ್ಲಿ ಕಾಣಬಹುದು. ಇಬ್ಬರು ಬಿಳಿಯ ಯುವಕರು ದೇಶವನ್ನು ಹಾಯುವ ಆ ಚಿತ್ರದಲ್ಲಿ, ಮುಂದಿನ ಚಕ್ರವನ್ನು ಬಹಳ ದೂರಕ್ಕೆ ಚಾಚಿದ, ಅಮೆರಿಕದ ಬಾವುಟದ ಬಣ್ಣ ಬಳಿದ ಗಾಡಿಯೊಂದಿದೆ. ಜಗತ್ತಿನಲ್ಲಿ ಅಷ್ಟು ಪ್ರಸಿದ್ಧವಾದ ಮೋಟಾರು ಸೈಕಲ್ಲು ಇನ್ನೊಂದಿಲ್ಲವೆಂದರೂ ಸಲ್ಲುತ್ತದೆ. ಪೋಲೀಸರು ಹರಾಜು ಹಾಕಿದ ಹಳೆಯ ಹಾರ್ಲಿಗಳನ್ನು ಕೊಂಡು, ಬೇಡದ ಭಾಗಗಳನ್ನು ಕತ್ತರಿಸಿ, ಹೀಗೆ ಹೊಸದಾಗಿ ರೂಪಿಸಿದವರು ಇಬ್ಬರು ಕರಿಯರು. ಕ್ಲಿಫ್ ವಾಸ್ ಎಂಬುವರು ಅದರ ಯೋಜನೆಯನ್ನು ನೋಡಿಕೊಂಡರು. ದಕ್ಷಿಣದಲ್ಲಿ ನಾಗರಿಕ ಹಕ್ಕುಗಳ ಚಳವಳಿಗಾಗಿ ದುಡಿದು, ಅದರ ಛಾಯಾಚಿತ್ರಗಳನ್ನು ತೆಗೆದವರು ಅವರು. ಕಟ್ಟುವ ಕೆಲಸ ಲಾಸ್ ಏಂಜಲಿಸ್ಸಿನ ಕರಿಯರ ಬಡಾವಣೆಯಲ್ಲಿ ಅಂಗಡಿಯಿಟ್ಟಿದ್ದ ಬೆನ್ ಹಾರ್ಡಿ ಎಂಬ ಕುಶಲಿಯದು. ಚಿತ್ರದ ಕೊನೆಯ ನಾಮಾವಳಿಯಲ್ಲಿ ಇವರಿಬ್ಬರ ಹೆಸರುಗಳೂ ಇಲ್ಲ. ಸುಮಾರು ಮೂರು ದಶಕಗಳ ಕಾಲ ಆ ಗಾಡಿಯನ್ನು ಕೊಂಡಾಡಿದವರಲ್ಲಿ ಬಹುಮಂದಿಗೆ ಅದರ ನಿರ್ಮಾತೃಗಳು ಯಾರೆಂಬುದೇ ತಿಳಿದಿರಲಿಲ್ಲ. ಹಾರ್ಡಿ ೧೯೯೪ರಲ್ಲಿ ತೀರಿಕೊಂಡರು. ವಾಸ್ ೨೦೧೬ರವರೆಗೆ ಬದುಕಿದ್ದು, ತಡವಾಗಿ ಬಂದ ಮನ್ನಣೆಯನ್ನು ಸ್ವಲ್ಪಮಟ್ಟಿಗಾದರೂ ಕಂಡರು. ಇದನ್ನು ಕೇವಲ ಚಿತ್ರೋದ್ಯಮದ ಅಜಾಗರೂಕತೆಯೆಂದು ತಳ್ಳಿಹಾಕಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಆ ಬಗೆಯ ಗಾಡಿಯ ಸೌಂದರ್ಯವನ್ನು ರೂಪಿಸುವುದರಲ್ಲಿ ಕರಿಯ ಕುಶಲಿಗಳ ಪಾಲು ದೊಡ್ಡದು. ಸರಕನ್ನು ಸ್ವೀಕರಿಸಿ ಸಾಲವನ್ನು ಮರೆತಂತೆ, ಸಂಸ್ಕೃತಿಯನ್ನು ಸ್ವೀಕರಿಸಿ ಅದರ ಕರ್ತೃಗಳನ್ನು ಮರೆಯುವುದು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಅನಂತರದ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಕರಿಯ ಸವಾರರ ರಾಷ್ಟ್ರಮಟ್ಟದ ವಾರ್ಷಿಕ ಸಮ್ಮೇಳನವೊಂದು ೧೯೭೭ರಲ್ಲಿ ಆರಂಭವಾಗಿ, ವರ್ಷಕ್ಕೊಂದು ಊರಿನಂತೆ ನಡೆದುಕೊಂಡು ಬಂದಿದೆ. ಹಿಂದೆ ಕರಿಯರನ್ನು ಹೊರಗಿಟ್ಟಿದ್ದ ರಾಷ್ಟ್ರೀಯ ಸಂಸ್ಥೆಯೇ ೧೯೯೦ರಲ್ಲಿ ತನ್ನ ವಸ್ತುಸಂಗ್ರಹಾಲಯವನ್ನು ತೆರೆದಾಗ ಸ್ಟ್ರಿಂಗ್‌ಫೀಲ್ಡಳಿಗೆ ಅಲ್ಲಿ ಸ್ಥಾನ ಕೊಟ್ಟಿತು. ೨೦೦೦ದಲ್ಲಿ ಆಕೆಯ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ೨೦೦೨ರಲ್ಲಿ ಆಕೆಯನ್ನು ತನ್ನ ಕೀರ್ತಿಶಾಲಿಗಳ ಪಟ್ಟಿಗೆ ಸೇರಿಸಿತು. ಅದೇ ೨೦೦೨ರಲ್ಲಿ ಫ್ಲಾರಿಡಾದ ಜೇಮ್ಸ್ ಸ್ಟೂಅರ್ಟ್ ಎಂಬ ಕರಿಯ ಯುವಕನು ಮಣ್ಣುಹಾದಿಯ ಓಟದಲ್ಲಿ ಆ ಸಂಸ್ಥೆಯ ಮನ್ನಣೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದನು. ೨೦೦೮ರ ಋತುವಿನಲ್ಲಿ ಇಪ್ಪತ್ತನಾಲ್ಕು ಓಟಗಳಲ್ಲಿ ಇಪ್ಪತ್ತನಾಲ್ಕನ್ನೂ ಗೆದ್ದನು. ಹಿಂದೆ ಬಾಗಿಲು ಮುಚ್ಚಿದ್ದಾಗ ಇಂಥವರು ಎಷ್ಟು ಮಂದಿ ಹೊರಗೆ ಉಳಿದರೋ ಯಾರು ಬಲ್ಲರು!

ಇವನ್ನು ನೋಡಿದರೆ ಪರಿವರ್ತನೆ ಪೂರ್ಣವಾಯಿತೆಂದು ತೋರಬಹುದು. ಆದರೆ ಒಬ್ಬೊಬ್ಬ ಶ್ರೇಷ್ಠನನ್ನು ಗೌರವಿಸುವುದು ಸುಲಭ. ಗುಂಪನ್ನು ಹೇಗೆ ಕಾಣುತ್ತಾರೆಂಬುದರಲ್ಲಿ ಮನೋಭಾವ ಹೊರಬೀಳುತ್ತದೆ. ದಕ್ಷಿಣ ಕೆರೊಲಿನಾದ ಕರಾವಳಿಯಲ್ಲಿ ಅಟ್ಲಾಂಟಿಕ್ ಬೀಚ್ ಎಂಬ ಚಿಕ್ಕ ಊರಿದೆ. ಬೇರೆ ಕಡಲತೀರಗಳಲ್ಲಿ ಕರಿಯರಿಗೆ ಪ್ರವೇಶವಿಲ್ಲದಿದ್ದ ಕಾಲದಲ್ಲಿ ಅವರ ವಿಹಾರಕ್ಕಾಗಿ ಬೆಳೆದ ಊರು ಅದು. ೧೯೮೦ರಿಂದ ಅಲ್ಲಿ ಮೇ ತಿಂಗಳ ಕೊನೆಯಲ್ಲಿ ಕರಿಯ ಸವಾರರ ಉತ್ಸವ ನಡೆಯುತ್ತದೆ. ಬಂದ ಜನ ನೆರೆಯ ಮರ್ಟಲ್ ಬೀಚ್ ನಗರಕ್ಕೂ ಹರಡುತ್ತಾರೆ. ಅದೇ ನಗರದಲ್ಲಿ ಅದೇ ತಿಂಗಳಿನಲ್ಲಿ ಬಹುಪಾಲು ಬಿಳಿಯರಾದ ಹಾರ್ಲಿ ಸವಾರರ ಉತ್ಸವವೂ ಉಂಟು. ಬಿಳಿಯರ ಉತ್ಸವದಲ್ಲಿ ಕಡಲ ಪಕ್ಕದ ಹೆದ್ದಾರಿಯಲ್ಲಿ ಸಂಚಾರ ಎಂದಿನಂತೆ ಎರಡು ಕಡೆಗೂ ಇರುತ್ತಿತ್ತು. ಕರಿಯರ ಉತ್ಸವದಲ್ಲಿ ಅದನ್ನು ಒಮ್ಮುಖವಾಗಿ ಮಾಡುತ್ತಿದ್ದರು. ಕೆಲವು ವ್ಯಾಪಾರಸ್ಥರು ಆ ದಿನಗಳಲ್ಲಿ ಬಾಗಿಲನ್ನೇ ಮುಚ್ಚುತ್ತಿದ್ದರು. ಕರಿಯರ ಹಕ್ಕುಗಳಿಗಾಗಿ ದುಡಿಯುವ ರಾಷ್ಟ್ರೀಯ ಸಂಘವಾದ ಎನ್‌ಎಎಸಿಪಿ ೨೦೦೩ರಲ್ಲಿ ನಗರದ ಮೇಲೆ ಮೊಕದ್ದಮೆ ಹೂಡಿತು. ೨೦೦೫ರಲ್ಲಿ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು, ೨೦೦೬ರಲ್ಲಿ ರಾಜಿಯಾಯಿತು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ೨೦೧೪ರ ಉತ್ಸವದ ಸಮಯದಲ್ಲಿ ನಗರದಲ್ಲಿ ಗುಂಡಿನ ದಾಳಿಗಳು ನಡೆದು ಜೀವಹಾನಿಯಾಯಿತು. ೨೦೧೫ರಿಂದ ನಗರದವರು ರಾತ್ರಿಯ ವೇಳೆ ವಾಹನಗಳೆಲ್ಲ ಇಪ್ಪತ್ತಮೂರು ಮೈಲಿಗಳ ಒಂದೇ ಸುತ್ತುದಾರಿಯಲ್ಲಿ ಹೋಗಬೇಕೆಂದು ಏರ್ಪಡಿಸಿದರು. ಬಿಳಿಯರ ಉತ್ಸವಕ್ಕೆ ಅಂಥ ಏರ್ಪಾಡು ಇರಲಿಲ್ಲ. ೨೦೧೮ರಲ್ಲಿ ಮತ್ತೆ ಮೊಕದ್ದಮೆಯಾಯಿತು. ೨೦೨೦ರ ಡಿಸೆಂಬರಿನಲ್ಲಿ ಪಂಚರು ಕೊಟ್ಟ ತೀರ್ಪು ನಮ್ಮ ವಿದ್ಯಾರ್ಥಿಗಳು ಮನನ ಮಾಡತಕ್ಕದ್ದು: ನಗರದ ನಿರ್ಧಾರಕ್ಕೆ ವರ್ಣವು ಒಂದು ಪ್ರೇರಣೆಯಾಗಿತ್ತೆಂಬುದು ನಿಜ, ಆದರೆ ಆ ಪ್ರೇರಣೆ ಇಲ್ಲದಿದ್ದರೂ ನಗರವು ಅದೇ ನಿರ್ಧಾರವನ್ನು ಮಾಡುತ್ತಿತ್ತು. ಮೊದಲನೆಯ ವಾಕ್ಯದಿಂದ ವಾದಿಗಳು ಗೆದ್ದರು, ಎರಡನೆಯದರಿಂದ ಸೋತರು. ಪೂರ್ವಗ್ರಹವು ಇದೆಯೆಂದು ಒಪ್ಪಿಕೊಂಡ ಬಳಿಕವೂ ಅದರ ಭಾಗವನ್ನು ಉಳಿದ ಕಾರಣಗಳಿಂದ ಬೇರ್ಪಡಿಸಿ ಅಳೆಯುವ ಕಷ್ಟವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಮಗೆ ದೊರೆತಿಲ್ಲ. ಎರಡು ಉತ್ಸವಗಳೂ ಮೇ ತಿಂಗಳಿನಲ್ಲಿ ಒಂದರ ಹಿಂದೆ ಒಂದರಂತೆ ಬೇರೆಬೇರೆಯಾಗಿಯೇ ನಡೆಯುತ್ತಿವೆ.